ಮೀನು ನೋಡುವ ಕಿಟಕಿ

ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನೆದುರಿನ ಮಹಡಿಯಲ್ಲಿ ಕೂತು ಇಪ್ಪತ್ತು ವರ್ಷ ಪೆನ್ಸಿಲಿನಲ್ಲೇ ಊರವರ ಮನೆ ಎಬ್ಬಿಸಿದ ಎಂಜಿನಿಯರ್ ನಿತ್ಯಾನಂದ, ೨೦೦೮ರ ಒಂದು ಸೋಮವಾರ ಆ ಪೆನ್ಸಿಲಿಗೆ ನಿವೃತ್ತಿ ಘೋಷಿಸಿದ. ಮಂಗಳೂರಿಗೆ ಹತ್ತು ದಿನ ಹೋಗಿ ಬಿಮ್ ಎಂಬ ಹೊಸ ವಿದ್ಯೆ ಕಲಿತು ಬಂದಿದ್ದ. ಅದರಲ್ಲಿ ಗೆರೆ ಎಳೆಯುವ ರಗಳೆಯಿಲ್ಲ. ಕಂಪ್ಯೂಟರಿನೊಳಗೆ ಇಡೀ ಮನೆಯನ್ನೇ ಕಟ್ಟುವುದು. ಮೊದಲ ಪ್ರಯೋಗಕ್ಕೆ ಸಿಕ್ಕಿದ್ದು ಅವನದೇ ಹೊಸ ಮನೆ.

"ಒಂದು ಕಡೆ ಬದಲಾಯಿಸಿದರೆ ಸಾಕು, ಎಲ್ಲ ಕಡೆ ತನ್ನಿಂದ ತಾನೇ ಬದಲಾಗ್ತದೆ," ಎಂದು ಹೆಂಡತಿ ಸ್ವರ್ಣಲತಾಳ ಮುಂದೆ ಎದೆಯುಬ್ಬಿಸಿದ.

"ಹಾಗಾದರೆ ಅಡುಗೆ ಕೋಣೆಗೆ ರಸ್ತೆ ಬದಿಯಲ್ಲಿ ಒಂದು ದೊಡ್ಡ ಕಿಟಕಿ ಮಾಡಿ ಕೊಡಿ."

ಅವಳ ಚಿಂತೆಯೆಲ್ಲ ಮೀನಿನದು. ಬಾಡಿಗೆ ಮನೆಯಲ್ಲಿ ಮೀನು ಮಾರುವವನ ಬೈಕಿನ ಹಾರ್ನ್ ಕೇಳಿ, ಕೈ ತೊಳೆದು ಓಡುವಷ್ಟರಲ್ಲಿ ಒಳ್ಳೆಯ ಬಂಗುಡೆಯೆಲ್ಲ ಪಕ್ಕದ ಮನೆಯ ಕಾಂತಿಯ ಪಾತ್ರೆ ಸೇರಿರುತ್ತಿತ್ತು. ಇವಳ ಪಾಲಿಗೆ ಹೊಟ್ಟೆ ಒಡೆದ ಬೂತಾಯಿ.

"ಇಷ್ಟೆಯಾ?" ಎಂದು ನಿತ್ಯಾನಂದ ಗುಂಡಿ ಒತ್ತಿದ. ಕಿಟಕಿ ಐದಡಿ ಅಗಲವಾಯಿತು. ನಕ್ಷೆ ಮುದ್ರಿಸಿ ಮೇಸ್ತ್ರಿ ಹಸನಬ್ಬನಿಗೆ ಕೊಟ್ಟು ಚಾರ್ಮಾಡಿಯ ಇನ್ನೊಂದು ಕೆಲಸಕ್ಕೆ ಹೋದ.

ವಾರ ಬಿಟ್ಟು ಬಂದು ನೋಡಿದರೆ, ರಸ್ತೆಗೆ ಮುಖ ಮಾಡಿದ ಬಚ್ಚಲಿಗೆ ಜವಳಿ ಅಂಗಡಿಯ ಷೋಕೇಸಿನಷ್ಟು ದೊಡ್ಡ ಕಿಟಕಿ!

"ಇದೆಂತ ಹಸನಬ್ಬಾ?"

"ನೀವು ಕೊಟ್ಟದ್ದೇ ಎಂಜಿನಿಯರ್ರೆ. ನಾನೂ ಎರಡು ಸಲ ನೋಡಿದೆ. ಕಂಪ್ಯೂಟರಿನದ್ದಲ್ವಾ, ಎಂತದೋ ಕಾರಣ ಇರಬೇಕು ಅಂದುಕೊಂಡೆ."

ಕಾರಣ ಇತ್ತು. ಮನೆಯ ಕಿಟಕಿಗಳಿಗೆಲ್ಲ ನಿತ್ಯಾನಂದ ಒಂದೇ ಮಾದರಿ ಕೊಟ್ಟಿದ್ದ. ಅಡುಗೆ ಕೋಣೆಗೆ ಬೇರೆ ಮಾದರಿ ಮಾಡದೆ ಅಳತೆ ತಿದ್ದಿದ್ದಕ್ಕೆ ಎಲ್ಲವೂ ಒಗ್ಗಟ್ಟಿನಿಂದ ಹಿಗ್ಗಿದ್ದವು. ಸಿಟ್ಟಿನಿಂದ ಹೋಗಿ ಬಚ್ಚಲಿನದನ್ನು ಒಂದೂವರೆ ಅಡಿಗೆ ಇಳಿಸಿ, ಹೊಸ ನಕ್ಷೆ ಕಳಿಸಿ, ಮೂಡಬಿದಿರೆಗೆ ಬಸ್ ಹತ್ತಿದ.

ಈ ಸಲ ಎಲ್ಲವೂ ಒಗ್ಗಟ್ಟಿನಿಂದ ಕುಗ್ಗಿದವು. ಬಚ್ಚಲಿನದನ್ನು ಒಡೆಯುವುದು ಕೊನೆಗಿರಲಿ ಎಂದು ಬಿಟ್ಟು, ಬಾಕಿಯಿದ್ದ ಅಡುಗೆ ಕೋಣೆಗೂ ಅವನ ಆಫೀಸು ಕೋಣೆಗೂ ಹಸನಬ್ಬ ಚೊಕ್ಕವಾಗಿ ಒಂದೊಂದು ಗವಾಕ್ಷಿ ಇಟ್ಟ.

"ಕೇಳುವ ಅಂತ ಫೋನ್ ಮಾಡಿದ್ದೆ. ‘ನಕ್ಷೆಯಲ್ಲಿ ಉಂಟಲ್ಲ, ಹಾಗೇ ಮಾಡು’ ಅಂತ ನೀವೇ ಬೈದದ್ದು," ಎಂದು ಅವನು ಬೀಡಿ ಹಚ್ಚಿದ.

ಸ್ವರ್ಣಲತಾ ಗವಾಕ್ಷಿಯಲ್ಲಿ ಇಣುಕಿದಳು. "ಇದರಲ್ಲಿ ಬಂಗುಡೆಯ ಬಾಲ ಕಾಣಬಹುದು."

"ಒಡೆಸುವ ಮಾರಾಯ್ತಿ."

"ಮನೆ ಒಕ್ಕಲಿಗೆ ಹದಿನೆಂಟು ದಿನ ಉಂಟು. ಆಮಂತ್ರಣದ ಕಾಗದ ಹಂಚಿ ಆಗಿದೆ. ಎಂತದೂ ಒಡೆಯುವುದು ಬೇಡ. ಬಚ್ಚಲು ನಿಮ್ಮ ಆಫೀಸು ಕೋಣೆಗೆ ಹೋಗಲಿ, ಆಫೀಸು ಬಚ್ಚಲಿಗೆ ಬರಲಿ. ಒಂದು ಕಡೆ ಬದಲಾಯಿಸಿದರೆ ಸಾಕಲ್ವಾ?"

"ಮತ್ತೆ ನಿನ್ನ ಮೀನು?"

"ದೊಡ್ಡ ಕಿಟಕಿ ಹತ್ತಿರ ನೀವು ಕೂತಿರ್ತೀರಲ್ಲ."

ಬಚ್ಚಲಾಗಬೇಕಿದ್ದ ಆ ಕೋಣೆಯ ನೆಲವನ್ನು ಹಸನಬ್ಬ ಆಗಲೇ ನೀರು ಹೋಗುವ ತೂತಿನ ಕಡೆಗೆ ಇಳಿಜಾರು ಮಾಡಿ ಮುಗಿಸಿದ್ದ. ನಿತ್ಯಾನಂದನ ಕೈಯಿಂದ ಜಾರಿದ ಪೆನ್ಸಿಲ್ ಇಂದಿಗೂ ನೇರ ಅಲ್ಲಿಗೇ ಉರುಳುತ್ತದೆ.

ಮೊನ್ನೆ ನೆರಿಯ ಗ್ರಾಮದಿಂದ ಮನೆ ಕಟ್ಟಿಸುವವರೊಬ್ಬರು ಬಂದಿದ್ದರು. ಅವನು ಬಿಮ್‌ನ ಮಹಿಮೆ ಶುರು ಮಾಡಿದ್ದನಷ್ಟೆ, ಹೊರಗೆ ಹಾರ್ನ್ ಕೇಳಿತು. ಮಾತು ಅರ್ಧಕ್ಕೆ ಬಿಟ್ಟು, ಮೇಜಿನಡಿಯ ಪಾತ್ರೆ ಹಿಡಿದು ಎದ್ದ.

ಒಳಗಿನಿಂದ ಸ್ವರ್ಣಲತಾಳ ದನಿ ಬಂತು: "ಎಲ್ಲ ಒಂದೇ ಅಳತೆಯದ್ದು ನೋಡಿ ತನ್ನಿ. ಅದು ನಿಮಗೆ ಅಭ್ಯಾಸ ಉಂಟಲ್ಲ!"