ಮೊಮ್ಮಗಳ ಅನ್ನನಾಳ ಮತ್ತು ನನ್ನ ಮೀನು

ಡಾಕ್ಟರರ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಗೊತ್ತಿದೆ ಎಂದುಕೊಂಡ ವಿಷಯ ಬೇರೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿದ್ದರೆ ಸ್ವಲ್ಪ ಕಸಿವಿಸಿಯಾಗುತ್ತದೆ, ಅಷ್ಟೆ. ನಾನು ಓದಿದ್ದು ಕಡಿಮೆ. ಆದರೆ ಗಂಟಲಿನ ವಿಷಯದಲ್ಲಿ ನಮ್ಮ ಬೆಂಗ್ರೆಯಲ್ಲಿ ನನ್ನದೇ ಕೊನೆಯ ಮಾತು. ಮೂರು ಹೊತ್ತೂ ಮೀನು ತಿನ್ನುವ ಊರಿನಲ್ಲಿ ಯಾರದಾದರೂ ಗಂಟಲಿಗೆ ಮುಳ್ಳು ಸಿಕ್ಕಿಕೊಳ್ಳುವುದು ದಿನದ ಸಂಗತಿ. ಸಿಕ್ಕಿಸಿಕೊಂಡವರು ನನ್ನ ಅಂಗಳಕ್ಕೆ ಬರುತ್ತಿದ್ದರು. ನಾನು ಕುಚ್ಚಲಕ್ಕಿ ಅನ್ನವನ್ನು ಲಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಜಗಿಯದೆ ನುಂಗು ಎಂದು ಹೇಳಿ ಬೆನ್ನಿಗೊಂದು ಗುದ್ದುತ್ತಿದ್ದೆ. ನಿಜವಾಗಿ ಮುಳ್ಳು ಹೋಗುತ್ತಿತ್ತೋ, ಇಲ್ಲ ಎರಡನೆಯ ಗುದ್ದಿಗೆ ಹೆದರಿ ಹೋಯಿತೆಂದು ಹೇಳುತ್ತಿದ್ದರೋ, ನಾನು ವಿಚಾರಿಸಲು ಹೋದವಳಲ್ಲ.

ನನ್ನ ಮಗಳು ರೇವತಿಯ ಮಗಳು ಶಮಿತಾ. ದಿನಾ ಬೋಟಿನಲ್ಲಿ ಹೊಳೆ ದಾಟಿ ಪೇಟೆಯ ಕಾಲೇಜಿಗೆ ಹೋಗುತ್ತಾಳೆ. ಅವಳು ಊಟಕ್ಕೆ ಕೂತು ಏಳುವಷ್ಟರಲ್ಲಿ ನಾನು ಒಂದು ಬುಟ್ಟಿ ಬೂತಾಯಿ ಮೀನನ್ನು ಕೊಯ್ದು, ತೊಳೆದು, ಉಪ್ಪು ಹಚ್ಚಿ ಮುಗಿಸಿರುತ್ತೇನೆ. ತುತ್ತಿಗೊಂದು ಗುಟುಕು ನೀರು. ಚಪಾತಿಯಾದರೆ ಉಗುರಿನಷ್ಟು ಚೂರು. ಇದು ಕಾಲೇಜಿನಲ್ಲಿ ಕಲಿತ ಗತ್ತು ಎಂದೇ ನಾನು ತಿಳಿದಿದ್ದೆ.

“ಎಂತ ಮಾರಾಯ್ತಿ, ಕೋಳಿ ನುಚ್ಚು ಹೆಕ್ಕಿದ ಹಾಗೆ ತಿನ್ನುವುದು?”

“ಎದೆಯಲ್ಲಿ ನಿಲ್ತದೆ ಅಜ್ಜಿ.”

“ಫೋನು ನೋಡ್ತಾ ತಿಂದರೆ ಅನ್ನಕ್ಕಾದರೂ ದಾರಿ ಎಲ್ಲಿ ಉಂಟು ಅಂತ ಹೇಗೆ ಗೊತ್ತಾಗ್ಬೇಕು?”

ಒಂದು ಭಾನುವಾರ ಮಧ್ಯಾಹ್ನ ಕೋಳಿಸಾರು, ರೊಟ್ಟಿ ಮಾಡಿದ್ದೆವು. ತಿನ್ನುತ್ತಿದ್ದವಳು ಎದೆ ಹಿಡಿದುಕೊಂಡು ಎದ್ದು ನಿಂತಳು. ಎಲುಬು ಸಿಕ್ಕಿತು ಎಂದು ನಾನು ತೀರ್ಪು ಕೊಟ್ಟೆ. ಬೇಡ ಎಂದು ತಲೆಯಾಡಿಸಿದರೂ ಬಿಡದೆ ಅನ್ನದ ಉಂಡೆ ನುಂಗಿಸಿದೆ. ಅದೂ ಹೋಗಿ ಮೊದಲು ಸಿಕ್ಕಿಕೊಂಡದ್ದರ ಮೇಲೆ ಕೂತಿತು. ಆಮೇಲೆ ಹುಡುಗಿಗೆ ತನ್ನ ಎಂಜಲನ್ನು ನುಂಗಲೂ ಆಗಲಿಲ್ಲ. ಬಾಯಿಗೆ ಟವೆಲ್ ಹಿಡಿಸಿ ಬೋಟಿನಲ್ಲಿ ಕೂರಿಸಿಕೊಂಡು ಹೊಳೆ ದಾಟಿದೆವು. ಅಷ್ಟು ಸಣ್ಣ ಹೊಳೆ ಅಷ್ಟು ಅಗಲ ಎಂದು ನನಗೆ ಅವತ್ತೇ ಗೊತ್ತಾದದ್ದು.

ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ತೆಗೆದರು. ಡಾಕ್ಟರು ನನ್ನ ಮಗಳಿಗಿಂತ ಸಣ್ಣ ಪ್ರಾಯದವರು. ಹೊರಗೆ ಬಂದು ಕೇಳಿದರು, “ಕೋಳಿ ತುಂಡು ಸಿಕ್ಕಿದ್ದು ಸರಿ. ಅದರ ಮೇಲೆ ಮುಚ್ಚಳ ಹಾಕಿದ ಹಾಗೆ ಅನ್ನ ಉಂಟಲ್ಲ, ಅದು ಯಾರ ಕೆಲಸ?” ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಒಳಗೆ ಎಲುಬೂ ಇರಲಿಲ್ಲ, ಮುಳ್ಳೂ ಇರಲಿಲ್ಲ. ಅನ್ನನಾಳವೇ ಬಾತುಕೊಂಡು ದಾರಿ ಸಣ್ಣದಾಗಿತ್ತು. ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿ, ವಾರದ ಮೇಲೆ ಕಾಯಿಲೆಯ ಹೆಸರು ಹೇಳಿದರು: ಇಯೋಸಿನೋಫಿಲಿಕ್ ಈಸೋಫೆಜೈಟಿಸ್. ಹೇಳಿ ಮುಗಿಸುವಷ್ಟರಲ್ಲಿ ಬೋಟು ಆಚೆ ದಡ ಮುಟ್ಟುತ್ತದೆ. ಧೂಳಿಗೆ ಕೆಲವರ ಮೂಗು ಸೋರುವ ಹಾಗೆ, ಊಟದ ಯಾವುದೋ ಒಂದು ಪದಾರ್ಥ ಇವಳ ಅನ್ನನಾಳಕ್ಕೆ ಆಗುವುದಿಲ್ಲವಂತೆ. ತಿಂದ ಕೂಡಲೇ ಅಲ್ಲ, ದಿನಾ ತಿಂದು ತಿಂದು ನಿಧಾನಕ್ಕೆ ಉರಿಯೇರಿ ಗಟ್ಟಿಯಾಗುತ್ತದಂತೆ.

“ಇದು ಪೂರ್ತಿ ಹೋಗುವ ಕಾಯಿಲೆ ಅಲ್ಲ ಅಜ್ಜಿ. ಹದ್ದುಬಸ್ತಿನಲ್ಲಿ ಇಟ್ಟುಕೊಂಡು ಬಾಳ್ಬೇಕು” ಎಂದರು ಡಾಕ್ಟರು.

“ಅಂಥದ್ದೊಂದನ್ನು ನಾನು ನಲವತ್ತು ವರ್ಷ ಮನೆಯಲ್ಲಿ ಇಟ್ಟುಕೊಂಡಿದ್ದೆ. ಅದರ ಅಭ್ಯಾಸ ಉಂಟು” ಎಂದೆ. ರೇವತಿ ನನ್ನನ್ನು ಚಿವುಟಿದಳು. ಅವಳ ಅಪ್ಪನ ವಿಷಯ ನೋಡಿ.

ದಾರಿ ಎರಡು. ದಿನಾ ನುಂಗುವ ಮದ್ದು ಒಂದು. ಇಲ್ಲವಾದರೆ ಕಳ್ಳನನ್ನು ಹಿಡಿಯಬೇಕು. ಸಂಶಯವಿರುವ ಎಲ್ಲವನ್ನೂ ಊಟದಿಂದ ತೆಗೆದು, ಅನ್ನನಾಳ ವಾಸಿಯಾದ ಮೇಲೆ ಒಂದೊಂದಾಗಿ ಒಳಗೆ ಬಿಟ್ಟು, ಪ್ರತಿ ಸಲವೂ ಕೊಳವೆ ಇಳಿಸಿ ನೋಡುವುದು. ಶಮಿತಾ ಎರಡನೆಯದನ್ನು ಆರಿಸಿದಳು. ಡಾಕ್ಟರು ಪಟ್ಟಿ ಬರೆದರು. ಗೋಧಿ, ಮೊಟ್ಟೆ, ಸೋಯಾ, ಹಾಲು, ನೆಲಗಡಲೆ-ಗೇರುಬೀಜದ ಜಾತಿ. ಕೊನೆಗೆ, ಮೀನು.

ಅಲ್ಲಿಯವರೆಗೆ ಕಾಯಿಲೆ ಮೊಮ್ಮಗಳದ್ದಾಗಿತ್ತು. ಅಲ್ಲಿಂದ ನನ್ನದಾಯಿತು. ಐವತ್ತು ವರ್ಷ ತಲೆಯ ಮೇಲೆ ಮೀನು ಹೊತ್ತವಳು ನಾನು. ಈ ಹುಡುಗಿಗೆ ಹಲ್ಲು ಮೂಡುವ ಮೊದಲೇ ಮೀನಿನ ಮುಳ್ಳು ಬಿಡಿಸಿ ಅನ್ನದಲ್ಲಿ ಕಿವುಚಿ ಬಾಯಿಗಿಟ್ಟ ಕೈ ಇದು. ಮೀನೇ ಕಳ್ಳ ಎಂದಾದರೆ ಅವಳ ಗಂಟಲು ಕಟ್ಟಿದವಳು ನಾನೇ ಎಂದಾಗುವುದಿಲ್ಲವೇ? ಪಕ್ಕದ ಮನೆಯ ಐಸಮ್ಮನಿಗೆ ಮುಖ ತೋರಿಸುವುದು ಹೇಗೆ? ನನ್ನ ಮೀನಿಗೆ ಅವಳು ಮೊದಲೇ ಕೊಂಕು ತೆಗೆಯುವವಳು.

ಆರು ವಾರ ಮನೆಗೆ ಮೀನು ತರಲಿಲ್ಲ. ಎರಡನೆಯ ವಾರಕ್ಕೇ ಹುಡುಗಿ ಸೌತೆಕಾಯಿ ಸಾರನ್ನು ನೋಡಿ ನಿಟ್ಟುಸಿರು ಬಿಡತೊಡಗಿದಳು. ಪಾಪ ಎನಿಸಿತು. ಅವತ್ತಿನಿಂದ ಸಾರು ಅವಳಿಗೆ ರುಚಿಸಿತು. ಎರಡೆರಡು ಸಲ ಹಾಕಿಸಿಕೊಂಡಳು.

ಆರು ವಾರದ ಮೇಲೆ ಕೊಳವೆ ಇಳಿಸಿದರು. ಅನ್ನನಾಳ ಚೊಕ್ಕವಾಗಿತ್ತು. ಡಾಕ್ಟರು ಖುಷಿಯಲ್ಲಿ, “ಭಾರೀ ಕಟ್ಟುನಿಟ್ಟು ಮಾಡಿದ್ದೀರಿ. ಪಟ್ಟಿಯಲ್ಲಿದ್ದದ್ದು ಯಾವುದೂ ಕೊಡ್ಲಿಲ್ಲ ಅಲ್ವಾ?” ಎಂದರು.

“ಯಾವುದೂ ಇಲ್ಲ” ಎಂದೆ. “ಬರೇ ಅನ್ನ, ಸೌತೆಕಾಯಿ ಸಾರು. ರುಚಿಗೆ ಒಂದು ಮುಷ್ಟಿ ಒಣ ಸೀಗಡಿ ಹುರಿದು ಅರೆದು ಹಾಕಿದ್ದು ಬಿಟ್ಟರೆ.”

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ಅಜ್ಜೀ!” ಎಂದು ಕಿರುಚಿದಳು ಶಮಿತಾ. “ಸೀಗಡಿ ಮೀನಲ್ವಾ?”

“ಅದು ಹೇಗೆ ಮೀನಾಗ್ತದೆ? ಮೀನು ಬುಟ್ಟಿಯಲ್ಲಿ ಬರ್ತದೆ. ಒಣ ಸೀಗಡಿ ಇರುವುದು ಕೊತ್ತಂಬರಿ, ಮೆಣಸಿನ ಡಬ್ಬದ ಸಾಲಿನಲ್ಲಿ. ಅದು ಮಸಾಲೆ.”

ಬೆಂಗ್ರೆಯ ಯಾವ ಅಡುಗೆಮನೆಗಾದರೂ ಹೋಗಿ ನೋಡಿ, ನಾನು ಹೇಳಿದ್ದೇ ಸರಿ. ಡಾಕ್ಟರು ಹಣೆ ಒತ್ತಿಕೊಂಡರು, ಆಮೇಲೆ ನಗು ತಡೆಯಲಾಗದೆ, “ಹಾಗಾದರೆ ಸೀಗಡಿಯ ಪರೀಕ್ಷೆಯನ್ನು ನೀವೇ ಮುಗಿಸಿದ ಹಾಗಾಯ್ತು. ಮುಂದಿನದ್ದು ನನಗೆ ಬಿಡಿ” ಎಂದರು. ಮನೆಗೆ ಬರುವವರೆಗೂ ಶಮಿತಾ ಬೋಟಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ರೇವತಿ ಮಸಾಲೆ ಡಬ್ಬಗಳಿಗೆ ಬೀಗ ಹಾಕುವ ಬಗ್ಗೆ ಮಾತಾಡಿದಳು.

ಮುಂದಿನ ಸರದಿ ಮೀನಿನದು. ಬಂಗುಡೆ, ಬೂತಾಯಿ, ಕಾಣೆ ಎಲ್ಲ ತಿನ್ನಿಸಿ ಆರು ವಾರದ ಮೇಲೆ ನೋಡಿದರೆ ಆಗಲೂ ಚೊಕ್ಕ! ಬೋಟಿನಿಂದ ಇಳಿದವಳು ಸೀದಾ ಐಸಮ್ಮನ ಬಾಗಿಲಿಗೆ ಹೋದೆ.

“ಎಂತ, ನಿಮ್ಮ ಮೀನಿಗೆ ಜಾಮೀನು ಸಿಕ್ಕಿತಾ?” ಎಂದಳು ಅವಳು.

“ಜಾಮೀನಲ್ಲ, ಬಿಡುಗಡೆ” ಎಂದೆ.

ಮೊಟ್ಟೆ ಬಂತು, ಗೋಧಿ ಬಂತು, ಉಳಿದವೂ ಬಂದವು. ಯಾವುದಕ್ಕೂ ತಕರಾರಿಲ್ಲ. ವರ್ಷವಾಗುತ್ತಾ ಬಂದಾಗ ಕೊನೆಗೆ ಹಾಲು. ಮೂರನೆಯ ವಾರಕ್ಕೆ ಅನ್ನ ಮತ್ತೆ ಎದೆಯಲ್ಲಿ ನಿಂತಿತು. ಕೊಳವೆ ಇಳಿಸಿದರು. ಹಾಲೇ. ಹಾಲು, ಮೊಸರು, ಪೇಡೆ, ಐಸ್‌ಕ್ರೀಮು ಬಿಟ್ಟರೆ ಹುಡುಗಿ ನಮ್ಮ ಹಾಗೆಯೇ ಉಣ್ಣಬಹುದು. ನಡುನಡುವೆ ತೋರಿಸುತ್ತಿರಬೇಕು, ಅಷ್ಟೆ.

ಅವತ್ತು ನಾನು ನೆಲದ ಮೇಲೆ ನಡೆಯಲಿಲ್ಲ. “ನೋಡಿದ್ರಾ? ಸಮುದ್ರದ್ದು ಮೋಸ ಮಾಡುವುದಿಲ್ಲ. ದನದ್ದೇ ಕೆಲಸ!” ಎಂದು ಮನೆಯಿಡೀ ಸಾರಿದೆ.

ರೇವತಿ ಪಾತ್ರೆ ತೊಳೆಯುತ್ತಿದ್ದಳು. ತಿರುಗಿಯೂ ನೋಡದೆ ಕೇಳಿದಳು, “ಈ ಮನೆಗೆ ಹಾಲು ತಂದದ್ದು ಯಾರಮ್ಮ?”

ತಂದದ್ದು ನಾನೇ. ನಾವು ಮಕ್ಕಳಾಗಿದ್ದಾಗ ಈ ಮರಳಿನಲ್ಲಿ ಹಾಲು ಕಂಡವರಿಲ್ಲ, ಕರಿಕಾಫಿಯಲ್ಲೇ ಬೆಳೆದವರು. ಶಮಿತಾ ಹುಟ್ಟಿದಾಗ ಕಡ್ಡಿಯ ಹಾಗಿದ್ದಳು. ಪೇಟೆಯ ಮಕ್ಕಳ ಕೆನ್ನೆ ನೋಡಿ ನನಗೆ ಹೊಟ್ಟೆಯುರಿಯುತ್ತಿತ್ತು. ದಿನಾ ಮೀನು ಮಾರಿದ ಮೇಲೆ ಖಾಲಿ ಬುಟ್ಟಿಯಲ್ಲಿ ಹಾಲಿನ ಪ್ಯಾಕೆಟ್ ಇಟ್ಟುಕೊಂಡು ಬರುತ್ತಿದ್ದೆ. ಅವಳು ಲೋಟ ಕಂಡರೆ ಬಲೆ ಒಣಗಿಸುವ ಕಡೆಗೆ ಓಡುತ್ತಿದ್ದಳು. ನಾನು ಅಟ್ಟಿಸಿಕೊಂಡು ಹೋಗಿ, ಹಿಡಿದು, ಮೂಗು ಮುಚ್ಚಿ ಕುಡಿಸುತ್ತಿದ್ದೆ. ಹತ್ತು ಹನ್ನೆರಡು ವರ್ಷ ಕುಡಿಸಿದ್ದೇನೆ. ಮೀನನ್ನು ಒಂದು ದಿನವೂ ಒತ್ತಾಯ ಮಾಡಿ ತಿನ್ನಿಸಿದವಳಲ್ಲ.

“ನಿಮಗೆ ಹೇಗೆ ಗೊತ್ತಾಗ್ಬೇಕು ಅಜ್ಜಿ, ಬಿಡಿ” ಎಂದಳು ಶಮಿತಾ. ಬೈದಿದ್ದರೆ ವಾಸಿಯಿತ್ತು.

ಸಂಜೆ ಐಸಮ್ಮ ಬೇಲಿಯ ಹತ್ತಿರ ಬಂದು, ಕೊನೆಗೆ ಎಂತದ್ದಂತೆ ಎಂದು ಕೇಳಿದಳು. ಹಾಲಂತೆ ಎಂದೆ. “ಅಯ್ಯೋ ಪಾಪ! ಆ ಮಗುವಿಗೆ ಅಷ್ಟು ಹಾಲು ಕುಡಿಸಿದ್ದು ಯಾರಪ್ಪ?” ಎಂದಳು. ಹುಡುಗಿಯ ಅಪ್ಪನ ಕಡೆಯವರು ಎಂದುಬಿಟ್ಟೆ. ನಿಜ ಹೇಳಿದ್ದು ನಿಮಗೆ ಮಾತ್ರ. ನಮ್ಮ ಮನೆಗೆ ಬರುವುದಾದರೆ ಐಸಮ್ಮನ ಅಂಗಳ ದಾಟಿಯೇ ಬರಬೇಕು. ದಯವಿಟ್ಟು ಬಾಯಿ ಮುಚ್ಚಿಕೊಂಡು ದಾಟಿ.