ಬಾಣಲೆ ಪಂಡಿತರ ಎಂಜಿನ್ ಚಿಕಿತ್ಸೆ

ಚೆನ್ನೈಯ ತಾಂಬರಂನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ವಿಷ್ಣುಮೂರ್ತಿಯವರ ಎದುರು ಎಣ್ಣೆಯ ವಿಷಯದಲ್ಲಿ ಮಾತ್ರ ಯಾರೂ ಸೊಲ್ಲೆತ್ತುವಂತಿರಲಿಲ್ಲ. ಬಾಣಲೆಯ ಪಕ್ಕ ನಿಂತು ಒಮ್ಮೆ ಮೂಗೆಳೆದರೆ ಸಾಕು, ಎಣ್ಣೆಯ ಜಾತಕ ಬಿಚ್ಚಿಡುತ್ತಿದ್ದರು. ಅವರ ಶಾಸ್ತ್ರ ಬಹಳ ಸರಳ: ಕಪ್ಪಾದರೆ ಮೇಲೆ ಹೊಸತು ಬಿಡು, ನೊರೆ ಬಂದರೆ ಚೆಲ್ಲು. (ಬಿಡುವುದನ್ನು ಅವರು ಎಷ್ಟೋ ಸಲ ಮಾಡಿದ್ದರು. ಚೆಲ್ಲಿದ್ದನ್ನು ಕಂಡವರಿಲ್ಲ.)

ಈ ಪಾಂಡಿತ್ಯವೆಲ್ಲ ಅಡ್ಡಬಿದ್ದದ್ದು ತಮ್ಮದೇ ಹಳೆ ಡೀಸೆಲ್ ಕಾರಿನ ಮುಂದೆ.

ಭಾನುವಾರ ಅಂಬತ್ತೂರಿನಲ್ಲಿ ಹೆಂಡತಿ ಸುಗುಣಾಳ ಅಣ್ಣ ಉದಯನ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಹಿಂದಿನ ಸಲ ಅವರ ಮನೆ ಸಮಾರಂಭಕ್ಕೆ ಹೊರಟಾಗ ಕಾರು ಕೀಲ್ಪಾಕ್‌ನಲ್ಲಿ ಕಾಲು ಮುರಿದ ಎಮ್ಮೆಯ ಹಾಗೆ ಕೂತುಬಿಟ್ಟಿತ್ತು. ಆಟೋದಿಂದ ಇಳಿದವರನ್ನು ನೋಡಿ ಉದಯನ ಹೆಂಡತಿ ಬೃಂದಾ "ಅಯ್ಯೋ ಪಾಪ" ಅಂದಿದ್ದಳು. ಸುಗುಣಾ ಅದನ್ನು ಇನ್ನೂ ಜೀರ್ಣಿಸಿಕೊಂಡಿರಲಿಲ್ಲ.

"ಈ ಸಲ ನಮ್ಮ ಕಾರಲ್ಲೇ ಹೋಗಿ ಗೇಟಿನ ಎದುರೇ ಇಳೀಬೇಕು. ಇಲ್ಲದಿದ್ರೆ ನಾನು ಬರುದೇ ಇಲ್ಲ," ಎಂದು ಗಂಡನಿಗೆ ಅಂತಿಮ ಎಚ್ಚರಿಕೆ ಕೊಟ್ಟಳು.

ಕಾರಿನ ಎಣ್ಣೆ ಯಾವಾಗ ಬದಲಿಸಬೇಕು? ವಿಷ್ಣುಮೂರ್ತಿ ವಿಚಾರಣಾ ಆಯೋಗವನ್ನೇ ಕೂರಿಸಿದರು. ಉದಯನಿಗೆ ಫೋನು ಮಾಡಿದರೆ, "ಹತ್ತು ಸಾವಿರ ಕಿಲೋಮೀಟರ್ ಓಡಲಿ ಭಾವಾ" ಅಂದ. ಬ್ಯಾಂಕಿನಿಂದ ನಿವೃತ್ತರಾದ ಎದುರುಮನೆಯ ಮಧ್ವರಾಜರು, "ಓಡ್ಲಿ ಬಿಡ್ಲಿ, ವರ್ಷಕ್ಕೊಂದ್ಸಲ ಬದಲಿಸ್ಬೇಕು" ಅಂದರು. ಹೋಟೆಲಿನ ಖಾಯಂ ಗಿರಾಕಿಯೊಬ್ಬ, "ಶಬ್ದ ಬಂದಾ ಮಾತ್ತುಂಗೊ ಸಾರ್" ಎಂದು, ಶಬ್ದ ಬಂದರಷ್ಟೇ ಬದಲಿಸಿ ಎಂಬ ತೀರ್ಪು ಕೊಟ್ಟು ಎರಡನೇ ವಡೆ ಮುರಿದ. ಆಯೋಗಗಳ ಹಣೆಬರಹವೇ ಇಷ್ಟು. ಎಲ್ಲರ ಮಾತೂ ಸರಿ, ಕೊನೆಗೆ ತಲೆ ಮಾತ್ರ ಮೊಸರು ಗಡಿಗೆ.

ಶನಿವಾರ ಸಂಜೆ ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದರು. ಕಾಡಿಗೆಯಷ್ಟು ಕಪ್ಪು!

"ಥೂ! ಇದರಲ್ಲಿ ಬಜ್ಜಿ ಕರಿದ್ರೆ ತಿಂದವ ಉಳೀತಾನಾ?" ಅಂದವರೇ, ಅಂಗಡಿಗೆ ಹೋಗಿ ದೊಡ್ಡ ಡಬ್ಬಿ ಎಂಜಿನ್ ಆಯಿಲ್ ತಂದರು. ತಮ್ಮ ಶಾಸ್ತ್ರದಂತೆ ಮೇಲಿಂದ ಬಿಟ್ಟರು. ಕಡ್ಡಿ ಎಳೆದರು. ಕಪ್ಪು. ಇನ್ನಷ್ಟು ಬಿಟ್ಟರು. ಮತ್ತೂ ಕಪ್ಪು. ಕಡ್ಡಿಯ ಮೇಲಿನ ಗುರುತು ಎಣ್ಣೆಯಲ್ಲಿ ಮುಳುಗಿ ಎಷ್ಟೋ ಹೊತ್ತಾಗಿತ್ತು. ಆದರೆ ಬಾಣಲೆಗೆ ಎಲ್ಲಿಯ ಗುರುತು! ಬಣ್ಣ ತಿಳಿಯಾಗುವವರೆಗೆ ಬಿಡುವುದೇ ಕ್ರಮ. ಡಬ್ಬಿ ಬರಿದಾಯಿತು. ಬಣ್ಣ ಒಂದು ಕೂದಲೆಳೆಯಷ್ಟು ತಿಳಿಯಾದಂತೆ ಕಂಡಿತು. ತೃಪ್ತಿಯಾಯಿತು.

ಬೆಳಿಗ್ಗೆ ಸುಗುಣಾ ರೇಷ್ಮೆ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಪಟ್ಟಕ್ಕೇರಿದಳು. ಮಗಳು ತೃಷಾ ಹಿಂದೆ ಕೂತಳು. ಕಾರು ಕೆಮ್ಮಿತು, ನಡುಗಿತು, ಇಡೀ ಬೀದಿಗೆ ಸೊಳ್ಳೆ ಹೊಗೆ ಹಾಕಿದಂತೆ ನೀಲಿ ಹೊಗೆ ಕಕ್ಕಿ ಸುಮ್ಮನಾಯಿತು. ಕಡ್ಡಿ ಎಳೆದರೆ ನೊರೆ! ವಿಷ್ಣುಮೂರ್ತಿ ಕಡ್ಡಿ ಹಿಡಿದುಕೊಂಡೇ ನಿಂತರು. ಹೊಸತು ಬಿಟ್ಟ ಮೇಲೂ ನೊರೆ ಬರುವುದೆಂದರೇನು? ಶಾಸ್ತ್ರದಲ್ಲಿ ಇದಕ್ಕೆ ಸೂತ್ರವೇ ಇರಲಿಲ್ಲ.

"ಎಂತ ಮಾಡಿದ್ರಿ?" ಸುಗುಣಾ ಇಳಿದು ಬಂದಳು.

"ಎಣ್ಣೆ ಕಪ್ಪಾಗಿತ್ತು ಮಾರಾಯ್ತಿ. ಮೇಲಿಂದ ಸ್ವಲ್ಪ..." ಎಂದು ಖಾಲಿ ಡಬ್ಬಿ ತೋರಿಸಿದರು.

"ಬುಧವಾರವಷ್ಟೇ ನಾನು ಮೆಕ್ಯಾನಿಕ್ ಹತ್ರ ಹೋಗಿ ಹೊಸ ಎಣ್ಣೆ ಹಾಕಿಸಿ ತಂದದ್ದಲ್ವಾ! ನಿಮ್ಮ ಹತ್ರ ಹೇಳಿದ್ದೆ."

"ನನ್ನ ಹತ್ರವಾ?"

"ಗಲ್ಲಾದಲ್ಲಿ ಕೂತು ಹ್ಞೂಂ ಅಂದಿರಿ."

"ಹಾಗಾದ್ರೆ ಕಪ್ಪು ಯಾಕೆ?"

"ಅಪ್ಪಾ, ಡೀಸೆಲ್ ವಂಡಿ ಪಾ. ಹೊಸಾ ಆಯಿಲ್ ಹಾಕಿದ್ರೂ ಕಪ್ಪಾದಾನ್ ಇರುಕ್ಕುಂ," ಎಂದಳು ತೃಷಾ, ಮೊಬೈಲಿನಿಂದ ತಲೆ ಎತ್ತದೆ. "ಓವರ್‌ಫಿಲ್ ಪಣ್ಣಿಟ್ಟೀಂಗ. ಲಿಮಿಟ್‌ಗಿಂತ ಜಾಸ್ತಿ ಹಾಕಿದ್ದಕ್ಕೇ ನೊರೆ."

ಮುಹೂರ್ತ ಹತ್ತಿರವಾಗಿತ್ತು. ಆ್ಯಪಿನ ಟ್ಯಾಕ್ಸಿಗಳು ಬರುತ್ತೇನೆಂದು ಚುನಾವಣೆಗೆ ನಿಂತವರ ಹಾಗೆ ಮಾತು ಕೊಟ್ಟು ಮಾಯವಾದವು. ಕೊನೆಗೆ ಸಿಕ್ಕಿದ್ದು ಹೋಟೆಲಿನ ಸಾಂಬಾರು ಡ್ರಮ್ಮು ಸಾಗಿಸುವ ಟೆಂಪೊ. ಸುಗುಣಾ ಮತ್ತು ತೃಷಾ ಡ್ರೈವರ್ ಪಕ್ಕ ಕೂತರು. ವಿಷ್ಣುಮೂರ್ತಿ ಹಿಂದೆ, ಖಾಲಿ ಡ್ರಮ್ಮುಗಳ ನಡುವೆ, ಜರಿ ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತರು.

ಅಂಬತ್ತೂರಿನ ಅಪಾರ್ಟ್‌ಮೆಂಟಿಗೆ ಇನ್ನೊಂದು ತಿರುವು ಇದೆ ಅನ್ನುವಾಗಲೇ ಸುಗುಣಾ ಟೆಂಪೊ ನಿಲ್ಲಿಸಿದಳು. ಇಳಿದಳು, ಸೀರೆಯ ನೆರಿಗೆ ಕೊಡವಿದಳು, ಮಗಳ ಕೈ ಹಿಡಿದು ಮಹಾರಾಣಿಯಂತೆ ನಡೆದೇಬಿಟ್ಟಳು. ಮತ್ತೇನು ಮಾಡುವುದೆಂದು ತೋಚದೆ ವಿಷ್ಣುಮೂರ್ತಿ ಟೆಂಪೊದಲ್ಲೇ ಗೇಟಿನವರೆಗೆ ಬಂದರು. ವಾಚ್‌ಮನ್ ಡ್ರಮ್ಮುಗಳನ್ನು ನೋಡಿದ, ಇವರನ್ನು ನೋಡಿದ.

"ಕೇಟರಿಂಗ್ ಎಲ್ಲಾಂ ಪಿನ್ನಾಡಿ ಗೇಟ್," ಎಂದು ಕೋಲು ಬೀಸಿದ.

ಹಿಂದಿನ ಗೇಟಿನಲ್ಲಿ ಅಡುಗೆಯ ಮುಖ್ಯಸ್ಥ ಸುಶಮೀಂದ್ರ ಬೆವರೊರೆಸಿಕೊಳ್ಳುತ್ತ ಕಾಯುತ್ತಿದ್ದ. "ಈಗ ಬಂದ್ರಾ! ಬೇಗ ಕೂತ್ಕೊಳ್ಳಿ, ಕಾಯಿ ತುರೀಬೇಕು."

"ನಾನು ಮನೆಯವರಿಗೆ ಭಾವ ಆಗ್ಬೇಕು..."

"ಎಲ್ಲರೂ ಯಾರಿಗಾದ್ರೂ ಭಾವನೇ ಮಾರಾಯ್ರೆ. ಕೂತ್ಕೊಳ್ಳಿ."

ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ಬೃಂದಾಳ ದನಿ ಕೇಳಿತು: "ಭಾವ ಎಲ್ಲಿ ಸುಗುಣಾ? ಕಾಣುದೇ ಇಲ್ಲ!"

"ಅವರಾ ಅತ್ತಿಗೆ? ಕಾರು ಪಾರ್ಕ್ ಮಾಡ್ಲಿಕ್ಕೆ ಹೋಗಿದ್ದಾರೆ. ಇಲ್ಲಿ ಜಾಗವೇ ಇಲ್ಲ ನೋಡಿ," ಎಂದಳು ಸುಗುಣಾ, ಸಕ್ಕರೆಯಂಥ ದನಿಯಲ್ಲಿ.

ವಿಷ್ಣುಮೂರ್ತಿ ಗೋಡೆಗೆ ಒತ್ತಿಕೊಂಡರು. ಈಗ ಮೇಲೆ ಹೋಗಬಹುದೇ? ಇಲ್ಲದ ಕಾರನ್ನು ಪಾರ್ಕ್ ಮಾಡಲು ಮರ್ಯಾದಸ್ಥನಾದವನು ಎಷ್ಟು ಹೊತ್ತು ತೆಗೆದುಕೊಳ್ಳಬೇಕು? ಯಾರನ್ನು ಕೇಳುವುದು? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರು ಶಲ್ಯವನ್ನು ಸೊಂಟಕ್ಕೆ ಬಿಗಿದು, ತುರಿಮಣೆಯ ಮೇಲೆ ಕೂತು, ಮೊದಲ ತೆಂಗಿನಕಾಯಿಗೆ ಕೈಚಾಚಿದರು.