ದೀಪ ಹಚ್ಚಿದ ಮೇಲೆ ಕೊಡದ ಡಬ್ಬ

"ನೋಡು ದೇವಿ, ಇನ್ಮೇಲೆ ನಿನ್ನ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಯಿಂದ ಒಂದು ಹನಿ ಕರೆಂಟೂ ಕಳುವಾಗಲ್ಲ!" ಎಂದು ಪುಟ್ಟಲಿಂಗಪ್ಪ ಚಕ್ಕುಲಿ ಡಬ್ಬವೊಂದನ್ನು ಎತ್ತಿ ಹಿಡಿದರು.

ಜಯದೇವಮ್ಮ ದೇವರಿಗೆ ದೀಪ ಹಚ್ಚಿ ಆಗಷ್ಟೇ ಹೊರಗೆ ಬಂದಿದ್ದರು. ಮೋಟರು ವೈಂಡಿಂಗ್ ಅಂಗಡಿ ಮುಚ್ಚಿದಂದಿನಿಂದ ಗಂಡ ಮನೆಯನ್ನೇ ಅಂಗಡಿ ಮಾಡಿಕೊಂಡಿದ್ದರು. ತಾನಾಗಿ ತಿರುಗುವ ಒರಳುಕಲ್ಲು ಮಾಡಿ, ದೋಸೆ ಹಿಟ್ಟು ಮೂರು ತಿಂಗಳು ಸೂರಿಗೆ ಅಂಟಿಕೊಂಡಿದ್ದನ್ನು ಆಕೆ ಮರೆತಿರಲಿಲ್ಲ.

"ನನ್ನ ಚಕ್ಕುಲಿ ಎಲ್ಲಿ ಸುರಿದ್ರಿ?"

"ಅದಿರ್ಲಿ! ಕರೆಂಟು ಹೋದಾಗ ಈ ಚಾರ್ಜರು ಬ್ಯಾಟರೀನೇ ವಾಪಸ್ ಹೀರ್ತಿತ್ತಲ್ಲ? ಇನ್ನು ಡಬ್ಬ ನಡುವೆ ಕೂತು 'ಕೊಡಲ್ಲ' ಅನ್ನುತ್ತೆ. ಯಾವಾಗ ಕೊಡಬಾರದು ಅನ್ನೋದನ್ನ ಮನೆಯೋರ ಮಾತು ಕೇಳಿಸಿಕೊಂಡೇ ಕಲಿಯುತ್ತೆ!"

"ಚಾರ್ಜರು ಕಿತ್ತಿಟ್ಟರೆ ಸಾಕಲ್ರೀ?"

"ಅದು ವಿಜ್ಞಾನ ಅಲ್ಲ ಕಣೆ!"

ಅವರು ಡಬ್ಬವನ್ನು ಗಾಡಿಯ ಬ್ಯಾಟರಿಗೆ ಜೋಡಿಸಿ, ಕರೆಂಟು ಹೋದಂತಾಗಲೆಂದು ಮೇನ್ ಸ್ವಿಚ್ ಆರಿಸಿ, ಡಬ್ಬದ ಗುಂಡಿ ಒತ್ತಿದರು. ಅದೇ ಹೊತ್ತಿಗೆ ಪಕ್ಕದ ಮನೆಯ ಗಂಗಕ್ಕ ಲೋಟ ಹಿಡಿದು ಹೆಪ್ಪಿಗೆ ಬಂದಳು.

"ಶುಕ್ರವಾರ ಅಲ್ವಾ, ದೀಪ ಹಚ್ಚಿದ್ಮೇಲೆ ಕೊಡಲ್ಲ ಕಣಮ್ಮ. ಏನಾದ್ರೂ ಕೊಟ್ಟು ತಗೊಂಡೋಗು," ಎಂದರು ಜಯದೇವಮ್ಮ. ಗಂಗಕ್ಕ ಒಂದು ನಿಂಬೆಹಣ್ಣು ಕೊಟ್ಟು ಹೆಪ್ಪು ಒಯ್ದಳು. ಡಬ್ಬ ಪಿಳಿಪಿಳಿ ಮಿನುಗಿತು.

ಬೆಳಗ್ಗೆ ನೋಡಿದರೆ ಬ್ಯಾಟರಿ ನೂರಕ್ಕೆ ನೂರು! ಅಂದು ತಿಪಟೂರಿನ ಆಚೆ ತುದಿಯಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣ. ಊಟಕ್ಕೆ ಮೊಸರು ತನ್ನದೇ ಎಂದು ಜಯದೇವಮ್ಮ ಮಾತು ಕೊಟ್ಟಿದ್ದರು. ಅಮ್ಮನ ಕಾಲದಿಂದ ಕೈಬಿಡದೆ ಕಾಪಾಡಿದ ಹೆಪ್ಪಿನ ಮೊಸರು; ಬಿಸಿಲೇರಿದರೆ ಹುಳಿಯಾಗಿ ಮಾನ ಹೋಗುತ್ತದೆ. ಕಾಲ ಬಳಿ ಕ್ಯಾನು, ಬೆನ್ನ ಹಿಂದೆ ಗಂಡ. ಕೀಲಿ ತಿರುಗಿಸಿದರು. ಗಾಡಿಯ ಮುಂದಿನ ದೀಪ ಹತ್ತಿತು.

"ದೀಪ ಹಚ್ಚಿದ್ಮೇಲೆ ಕೊಡಲ್ಲ ಕಣಮ್ಮ!" ಎಂದಿತು ಡಬ್ಬ, ಜಯದೇವಮ್ಮನದೇ ದನಿಯಲ್ಲಿ. ಗಾಡಿ ಕದಲಲಿಲ್ಲ.

"ರೀ! ಕಿತ್ತೆಸೀರಿ ಇದನ್ನ!"

"ಆಗಲ್ಲ. ಕಳ್ಳರು ಬಿಚ್ಚಬಾರದು ಅಂತ ಬೆಸುಗೆ ಹಾಕಿಬಿಟ್ಟಿದೀನಿ."

"ಹಾಗಾದ್ರೆ ದೀಪ ಆರಿಸಿ!"

"ಈ ಗಾಡೀಲಿ ಅದಕ್ಕೆ ಸ್ವಿಚ್ಚೇ ಇಲ್ಲ ಕಣೆ!"

ಪುಟ್ಟಲಿಂಗಪ್ಪ ಇಕ್ಕಳದಿಂದ ದೀಪದ ತಂತಿ ಕತ್ತರಿಸಿದರು. ಗಾಡಿ ಚಿಮ್ಮಿತು! ತಿರುವಿನಲ್ಲಿ ಇಂಡಿಕೇಟರ್ ಹಾಕಿದರೆ ಗಕ್ಕನೆ ನಿಂತಿತು. "ದೀಪ ಹಚ್ಚಿದ್ಮೇಲೆ…" ಆ ತಂತಿಯೂ ಹೋಯಿತು. ಮುಂದೆ ಎಮ್ಮೆ ಅಡ್ಡ ಬಂದು ಬ್ರೇಕ್ ಒತ್ತಿದರೆ ಹಿಂದಿನ ಕೆಂಪು ದೀಪ ಹತ್ತಿತು, ಮತ್ತೆ ಆರಲೇ ಇಲ್ಲ. ಕತ್ತರಿಸಬಾರದ ತಂತಿಯೂ ತುಂಡಾಗಿತ್ತು. ಗಡಿಬಿಡಿಯಲ್ಲಿ ಇಕ್ಕಳ ಮೋರಿಗೆ ಬಿತ್ತು.

ಬಿಸಿಲು ಕ್ಯಾನಿನ ಮೇಲೇರಿತು.

"ಮೊಸರು ಹುಳಿಯಾಗ್ಲಿ, ನಿಮ್ಮನ್ನೇ ಕಲಸಿ ಬಡಿಸ್ತೀನಿ!"

"ಏನಾದ್ರೂ ಕೊಟ್ಟು ತಗೊಂಡೋಗು," ಎಂದಿತು ಡಬ್ಬ.

ಜಯದೇವಮ್ಮನಿಗೆ ನಿಂಬೆಹಣ್ಣು ನೆನಪಾಯಿತು. "ರೀ, ಚಕ್ರ ತಿರುಗಿಸಿದ್ರೆ ಕರೆಂಟು ಹುಟ್ಟುತ್ತೆ ಅಂತಿದ್ರಲ್ಲ? ಇಳಿದು ತಳ್ಳಿ, ಡಬ್ಬಕ್ಕೆ ಅದನ್ನೇ ಕೊಡೋಣ!"

ಹತ್ತು ಮಾರು ತಳ್ಳಿದರೆ ಡಬ್ಬ ಸರಿಯಾಗಿ ಹತ್ತೇ ಮಾರು ಓಡಿಸಿತು. ಪುಟ್ಟಲಿಂಗಪ್ಪ ಹಿಂದಿನಿಂದ ಓಡಿ ಬಂದು ಮತ್ತೆ ತಳ್ಳಿದರು. ಹೀಗೇ ಊರುದ್ದಕ್ಕೂ!

ಎಲೆಗೆ ಕೊನೆಯ ಅನ್ನ ಬೀಳುವಾಗ ಮೊಸರು ಬಂದು ಮುಟ್ಟಿತು. ಹುಳಿಯಾಗಿರಲಿಲ್ಲ.

"ಚಾರ್ಜ್ ಮುಗೀತಾ ಭಾವ?" ಎಂದಳು ತಂಗಿ.

"ನೂರಕ್ಕೆ ನೂರು ಇದೆ! ಒಂದು ಹನಿ ಕಳುವಾಗಿಲ್ಲ!" ಎಂದು ಏದುಸಿರು ಬಿಡುತ್ತ ಪುಟ್ಟಲಿಂಗಪ್ಪ ಎಲೆಯ ಮುಂದೆ ಕುಸಿದರು. "ದೇವಿ, ಒಂದು ಸೌಟು ಮೊಸರು…"

ಜಯದೇವಮ್ಮ ತೊಟ್ಟಿಲ ಪಕ್ಕ ಉರಿಯುತ್ತಿದ್ದ ದೀಪವನ್ನೊಮ್ಮೆ ನೋಡಿ, ಎತ್ತಿದ ಸೌಟನ್ನು ಮತ್ತೆ ಕ್ಯಾನಿಗೇ ಇಳಿಸಿದರು.

"ದೀಪ ಹಚ್ಚಿದಾರೆ, ಕಾಣಲ್ವಾ?"